ಹೊಳೆಗೆ ಇಳಿದವರು

“ಬೆಳ್ಳಿ ಡಬ್ಬಿ ಬಿದ್ದಿತ್ತು ಅಂತ ಹೇಳಿಬಿಡಿ ಚನ್ನಕ್ಕ. ಅಷ್ಟು ಹೇಳಿ ಬಾಯಿ ಮುಚ್ಚಿ ಕೂತುಬಿಡಿ. ಅದು ಸುಳ್ಳು ಕೂಡ ಅಲ್ಲ ಮಾರಾಯ್ರೆ, ಡಬ್ಬಿ ಬೆಳ್ಳಿಯದ್ದೇ ಅಲ್ವಾ?” ಎಂದು ದೂಜ ಮೂರನೆಯ ಸಲ ಹೇಳಿದ.

ಚನ್ನವ್ವ ಮುಂಬಯಿಯ ವಡಾಲದ ಒಂದು ಮಿಷನ್ ಶಾಲೆಯ ಎರಡನೆಯ ಮಾಳಿಗೆಯ ವರಾಂಡದಲ್ಲಿ, ಮಕ್ಕಳು ಕೂರುವ ಗಿಡ್ಡ ಬೆಂಚಿನ ಮೇಲೆ ಮೊಣಕಾಲು ಎದೆಗೆ ತಾಗುವ ಹಾಗೆ ಕೂತಿದ್ದಳು. ಇಳಕಲ್ ಸೀರೆಯ ಸೆರಗು ತಲೆತುಂಬ ಇತ್ತು. ಸಯನ್ನಿನ ತನ್ನ ಖಾನಾವಳಿಯಲ್ಲಿ ಮಧ್ಯಾಹ್ನದ ಕೊನೆಯ ಪಂಕ್ತಿಯನ್ನು ಏಳಿಸಿ, ಒಲೆಯ ಮುಂದಿನಿಂದ ಎದ್ದವಳು ನೇರ ಇಲ್ಲಿಗೆ ಬಂದಿದ್ದಳು. ಉಗುರಿನ ಸಂದಿಯಲ್ಲಿ ಜೋಳದ ಹಿಟ್ಟು ಹಾಗೇ ಇತ್ತು.

ಎದುರಿನ ಮುಚ್ಚಿದ ಬಾಗಿಲ ಒಳಗೆ ಮಿಷನ್ನಿನ ಕಮಿಟಿ ಸೇರಿತ್ತು. ಡಾಕ್ಟರ್ ಪ್ರಫುಲ್ಲಾ ಅವರನ್ನು ಮಾರ್ಚ್ ತಿಂಗಳ ಹಡಗಿನಲ್ಲಿ ಮತ್ತೆ ಆಫ್ರಿಕಕ್ಕೆ ಕಳಿಸಬೇಕೋ ಬೇಡವೋ ಎಂಬುದು ಇವತ್ತು ತೀರ್ಮಾನವಾಗಬೇಕು. ಬೇಡ ಎಂದರೆ ಆಕೆ ಮುಂಬಯಿಯಲ್ಲೇ ಮಿಷನ್ನಿನ ಸಣ್ಣ ದವಾಖಾನೆಯಲ್ಲಿ ಕೂತು ಕೆಮ್ಮಿನ ಔಷಧಿ ಕೊಡುತ್ತ ಉಳಿದ ಆಯುಷ್ಯ ಕಳೆಯಬೇಕು. ಐವತ್ತು ದಾಟಿದ ಹೆಣ್ಣಿಗೆ ಇನ್ನೊಂದು ಅವಕಾಶವನ್ನು ಯಾರೂ ಕೊಡುವುದಿಲ್ಲ. ಇದು ಚನ್ನವ್ವನಿಗೆ ಗೊತ್ತಿತ್ತು. ಅದಕ್ಕೇ ಕೂತಲ್ಲಿ ಕೂರಲಾಗದೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು.

ಡಾಕ್ಟರು ವರಾಂಡದ ಆ ತುದಿಯಲ್ಲಿ ಕಟ್ಟೆಗೆ ಕೈಯೂರಿ, ಕೆಳಗೆ ಹಾರ್ಬರ್ ಲೈನಿನ ಲೋಕಲ್ ಹೋಗುವುದನ್ನು ನೋಡುತ್ತ ನಿಂತಿದ್ದರು. ತೆಳ್ಳನೆಯ ಎತ್ತರದ ಹೆಂಗಸು. ದೂಜನ ಮಾತು ಕಿವಿಗೆ ಬಿದ್ದಿರಬೇಕು, ತಿರುಗಿ ಹತ್ತಿರ ಬಂದರು.

“ಚನ್ನವ್ವ, ಅವನ ಮಾತು ಕೇಳಬೇಡಿ. ಇದ್ದದ್ದನ್ನು ಇದ್ದ ಹಾಗೆ ಹೇಳಿ. ನನ್ನನ್ನು ಉಳಿಸಲಿಕ್ಕೆ ಏನೂ ಹೇಳಬೇಡಿ. ಹೊಳೆಯಲ್ಲಿ ಹುಡುಕುತ್ತ ಎರಡು ದಿನ ತಡವಾಯಿತೆಂದು ನಾನೇ ರಿಪೋರ್ಟಿನಲ್ಲಿ ಬರೆದಾಗಿದೆ.”

“ಬರೆದದ್ದೇ ತಪ್ಪಾದ್ದು,” ಎಂದು ದೂಜ ಗೊಣಗಿದ. “ಲಾರಿ ಕೆಟ್ಟು ನಿಂತಿತ್ತು ಅಂತ ಬರೆದಿದ್ದರೆ ನನ್ನ ತಲೆಗೆ ಬರ್ತಿತ್ತು, ಮುಗೀತಿತ್ತು. ನಾನೆಂಥ, ಡ್ರೈವರ್. ಬೈಸಿಕೊಂಡು ಅಭ್ಯಾಸ ಉಂಟು.”

ದೂಜ ಮಂಗಳೂರಿನ ಕಡೆಯ ಕ್ರಿಸ್ತಿಯನ್. ಹತ್ತು ವರ್ಷ ಆಫ್ರಿಕದ ದಾರೆಸ್ಸಲಾಮಿನ ಬಂದರಿನಲ್ಲಿ ಲಾರಿ ಓಡಿಸಿ, ಅಲ್ಲಿನ ಭಾಷೆ ಕಲಿತು, ಮುಂಬಯಿಗೆ ಮರಳಿದವನನ್ನು ಡಾಕ್ಟರು ಹಿಡಿದು ತಮ್ಮ ಲಾರಿಗೆ ಕೂರಿಸಿದ್ದರು. ಹಿಂದಿನ ವರ್ಷ ಈ ಮೂವರೂ ಎಂಟು ತಿಂಗಳು ಅದೇ ಟಾಂಗನೀಕ ದೇಶದ ಹಳ್ಳಿಗಳಲ್ಲಿ ತಿರುಗಿದ್ದರು. ಲಾರಿಯ ಹಿಂದೆ ಔಷಧಿಯ ಪೆಟ್ಟಿಗೆಗಳು, ಸುವಾರ್ತೆಯ ಪುಸ್ತಕಗಳ ಕಟ್ಟು, ಒಂದು ಡೇರೆ, ಚನ್ನವ್ವನ ಹೆಂಚು. ಮಿಷನ್ನಿನ ಲಾರಿಯಲ್ಲಿ ಲಿಂಗ ಕಟ್ಟಿಕೊಂಡ ಹೆಂಗಸು ಹೇಗೆ ಸೇರಿದಳು ಎಂದು ಕೇಳಿದರೆ ಅದಕ್ಕೆ ಡಾಕ್ಟರ ಹೊಟ್ಟೆಯೇ ಕಾರಣ.

ಡಾಕ್ಟರಿಗೆ ಹೊಟ್ಟೆಹುಣ್ಣು. ಅನ್ನ ಹುಳಿಯಾಗುತ್ತಿತ್ತು, ಬ್ರೆಡ್ಡು ಉರಿಯುತ್ತಿತ್ತು. ಯಾರೋ ಹೇಳಿದರೆಂದು ಚನ್ನವ್ವನ ಖಾನಾವಳಿಯಿಂದ ಜೋಳದ ರೊಟ್ಟಿ, ಮಜ್ಜಿಗೆ ತರಿಸಿ ತಿಂದರು. ಹೊಟ್ಟೆಗೆ ಹಿಡಿಸಿತು. ಮೂರು ವರ್ಷ ದಿನಾ ಒಂದು ಊಟದ ಡಬ್ಬಿ ಸಯನ್ನಿನಿಂದ ಹೋಗುತ್ತಿತ್ತು. ನಾಲ್ಕನೆಯ ವರ್ಷ ಒಂದು ದಿನ ಡಾಕ್ಟರು ತಾವೇ ಖಾನಾವಳಿಯ ಬಾಗಿಲಲ್ಲಿ ನಿಂತು, “ಚನ್ನವ್ವ, ಆಫ್ರಿಕಕ್ಕೆ ಬರ್ತೀರಾ? ನೀವು ಬಂದರೆ ನಾನು ಬದುಕಿ ವಾಪಸು ಬಂದೇನು,” ಎಂದು ಕೇಳಿದರು. ಖಾನಾವಳಿಯಲ್ಲಿ ಜೊತೆಗಿದ್ದ ನೆಗೆಣ್ಣಿ ಮಲ್ಲವ್ವ ನಕ್ಕಳು. ಮೈದುನ ಸಿದ್ದರಾಮಪ್ಪ ಮಾತ್ರ ಕೆಂಡವಾದ. “ಕಿರಸ್ತಾನರ ಲಾರ್ಯಾಗ ಕುಂತು ಹೋದಾಕಿ ಕಿರಸ್ತಾನ ಆಗೇ ಬರ್ತಾಳ. ಬರದಿದ್ರ ಹುಲಿ ತಿಂದಿರ್ತೈತಿ,” ಎಂದ. ಆಫ್ರಿಕದಲ್ಲಿ ಹುಲಿ ಇಲ್ಲ ಎಂಬುದು ಪಾಪ ಅವನಿಗೆ ಗೊತ್ತಿರಲಿಲ್ಲ.

ಚನ್ನವ್ವ ಹೊರಟೇಬಿಟ್ಟಳು. ನಲವತ್ತೆರಡು ವರ್ಷದಲ್ಲಿ ಅವಳಿಗೆ ‘ಬಾ’ ಎಂದವರಿದ್ದರು, ‘ಹೋಗು’ ಎಂದವರಿದ್ದರು. ‘ಬರ್ತೀರಾ’ ಎಂದು ಕೇಳಿದವರು ಇದೇ ಮೊದಲು.

ಹೋದವಳು ಅಲ್ಲಿ ಕಂಡದ್ದೇನು? ಜೋಳ! ಹಡಗಿನಲ್ಲಿ ಹನ್ನೆರಡು ದಿನ ವಾಂತಿ ಮಾಡಿಕೊಂಡು, ರೈಲಿನಲ್ಲಿ ಎರಡು ದಿನ ಕೂತು, ಲಾರಿಯಲ್ಲಿ ಮೂಳೆ ಮುರಿಸಿಕೊಂಡು ಹೋಗಿ ಇಳಿದರೆ, ಕಣ್ಣು ಹಾಯುವಷ್ಟು ದೂರ ತನ್ನ ತವರಿನ ಹಾಗೆ ಜೋಳದ ತೆನೆ ತೂಗುತ್ತಿತ್ತು. ಹೆಂಗಸರು ಇಬ್ಬಿಬ್ಬರು ಎದುರುಬದುರು ನಿಂತು ಒರಳಿನಲ್ಲಿ ಅದನ್ನೇ ಕುಟ್ಟುತ್ತಿದ್ದರು, ಅದನ್ನೇ ಮುದ್ದೆ ಮಾಡಿ ಉಣ್ಣುತ್ತಿದ್ದರು. ಮುಂಬಯಿಯಲ್ಲಿ ರೇಷನ್ನಿನ ಕೆಂಪು ಜೋಳದ ಹಿಟ್ಟು ತಟ್ಟಿ ತಟ್ಟಿ ಬೇಸತ್ತಿದ್ದವಳು ಅಲ್ಲಿ ಹೊಲದಲ್ಲೇ ಕೂತು ಅತ್ತಳು ಎಂದು ದೂಜ ಈಗಲೂ ಹೇಳಿ ನಗುತ್ತಾನೆ.

ಬಾಗಿಲು ತೆರೆಯಿತು. ಪ್ಯೂನ್ ಡಾಕ್ಟರನ್ನೂ ಚನ್ನವ್ವನನ್ನೂ ಕರೆದ.

ಒಳಗೆ ಉದ್ದನೆಯ ಮೇಜಿನ ಸುತ್ತ ಏಳು ಜನ ಕೂತಿದ್ದರು. ನಡುವೆ ಅಧ್ಯಕ್ಷರು, ದಾನಪ್ಪನವರು. ಎಪ್ಪತ್ತರ ಗಡಿಯ, ಕೋಟು ತೊಟ್ಟ, ಬಿಳಿ ಮೀಸೆಯ ಮನುಷ್ಯ. ಧಾರವಾಡದ ಕಡೆಯವರಾದರೂ ಮೇಜಿನ ಮುಂದೆ ಕೂತಾಗ ಅವರ ಬಾಯಿಂದ ವೇದಪುಸ್ತಕದ, ಅಂದರೆ ಬೈಬಲಿನ, ಕನ್ನಡವೇ ಬರುತ್ತಿತ್ತು. ಅವರ ಬಲಕ್ಕೆ ಶೀಲಾವತಿಬಾಯಿ, ಹೆಣ್ಣುಮಕ್ಕಳ ಶಾಲೆಯ ಹೆಡ್‌ಮಿಸ್ಟ್ರೆಸ್, ಮುಂದೆ ಕಾಗದ ಇಟ್ಟುಕೊಂಡು ಪೆನ್ನು ಹಿಡಿದಿದ್ದರು. ಡಾಕ್ಟರು ಮೂಲೆಯ ಕುರ್ಚಿಯಲ್ಲಿ ಕೂತರು. ಚನ್ನವ್ವನಿಗೆ ಮೇಜಿನ ಎದುರು ಕುರ್ಚಿ ಹಾಕಿದ್ದರು. ಅವಳು ಅದರ ತುದಿಯಲ್ಲಿ ಕೂತಳು.

“ತಾಯೀ, ಭಯಪಡಬೇಡಿರಿ,” ಎಂದರು ದಾನಪ್ಪನವರು. “ಕಳೆದ ವರುಷ ನೀವು ಪ್ರಯಾಣ ಮಾಡುತ್ತಿರುವಾಗ ಒಂದು ಹೊಳೆಯ ಬಳಿಯಲ್ಲಿ ಎರಡು ದಿವಸ ತಡವಾಯಿತು. ಯಾತಕ್ಕಾಗಿ ತಡವಾಯಿತೆಂದು ಸತ್ಯವನ್ನು ನುಡಿಯಿರಿ.”

ಬಾಗಿಲ ಸಂದಿಯಲ್ಲಿ ದೂಜನ ಕಣ್ಣು ಕಂಡಿತು. ಬೆಳ್ಳಿ ಡಬ್ಬಿ ಎಂಬ ಮಾತು ಚನ್ನವ್ವನ ನಾಲಗೆಯ ತುದಿಗೆ ಬಂದದ್ದು ನಿಜ. ಆದರೆ ಎದೆಯ ಮೇಲೆ ಅದೇ ಡಬ್ಬಿ, ಅಂದರೆ ಇಷ್ಟಲಿಂಗವಿರುವ ಕರಡಿಗೆ, ಹೊಸ ದಾರದಲ್ಲಿ ತೂಗುತ್ತಿರುವಾಗ ಅದನ್ನು ಬರೀ ಬೆಳ್ಳಿ ಎನ್ನಲು ಅವಳಿಗೆ ಬಾಯಿ ಬರಲಿಲ್ಲ.

“ನನ್ನ ಲಿಂಗಪ್ಪ ಹೊಳ್ಯಾಗ ಬಿದ್ದಿದ್ದ್ರಿ,” ಎಂದಳು.

ಮೇಜಿನ ಸುತ್ತ ಯಾರೋ ಕೆಮ್ಮಿದರು. ಶೀಲಾವತಿಬಾಯಿ ಮುಂದಕ್ಕೆ ಬಾಗಿದರು. ಗಟ್ಟಿ ದನಿ, ಆದರೆ ಒರಟಿಲ್ಲ.

“ನೋಡಿ ಚನ್ನವ್ವ, ನಿಮ್ಮ ಮೇಲೆ ನಮಗೆ ಕೋಪವಿಲ್ಲ. ಆದರೆ ಮುಂದಿನ ಊರಿನಲ್ಲಿ ಇನ್ನೂರು ಜನ ಕಾದಿದ್ದರು. ಕಣ್ಣುಬೇನೆಯವರು, ಹೊತ್ತು ತಂದ ಮಕ್ಕಳು. ಹೊಸ ಪ್ರಾರ್ಥನಾಮಂದಿರ ತೆರೆಯುವುದಿತ್ತು. ಎರಡು ದಿನ ಕಾದು, ಡಾಕ್ಟರು ಬರಲಿಲ್ಲವೆಂದು ಎದ್ದುಹೋದರು. ಅವರಿಗೆ ಯಾರು ಉತ್ತರ ಹೇಳಬೇಕು?”

ಈ ಮಾತು ಚನ್ನವ್ವನಿಗೆ ನಾಟಿತು. ಹೊಳೆಯ ಆ ದಿನದಿಂದ ಅವಳೊಳಗೂ ಇದೇ ಪ್ರಶ್ನೆ ಇತ್ತು.

“ಅದು ನನ್ನ ತಪ್ಪ ರೀ. ಡಾಕ್ಟರ್ ಬಾಯಾರ್ದಲ್ಲ. ನಾ ಅವರಿಗೆ ಹೋಗ್ರಿ ಅಂದಿದ್ದೆ.”

“ಹಾಗಾದರೆ ಅವರು ಯಾಕೆ ಹೋಗಲಿಲ್ಲ?”

“ಅದನ್ನ ಹೇಳಬೇಕಂದ್ರ ಎಲ್ಲಾ ಹೇಳಬೇಕಾಗ್ತೈತ್ರಿ.”

“ಹೇಳಿರಿ,” ಎಂದರು ದಾನಪ್ಪನವರು.

ಅವಳು ಹೇಳಿದಳು. ಅಲ್ಲಿ ಮಳೆ ಮುಗಿಯುತ್ತಿದ್ದ ದಿನಗಳು. ಹೊಳೆಯಲ್ಲಿ ಸೊಂಟದ ಮಟ್ಟ ಕೆಂಪು ನೀರು. ಲಾರಿ ದಾಟಬೇಕಾದರೆ ಭಾರ ಇಳಿಸಬೇಕಾಗಿತ್ತು. ಎಲ್ಲರೂ ಒಂದೊಂದು ಸಾಮಾನು ಹೊತ್ತು ನೀರಿಗಿಳಿದರು. ಚನ್ನವ್ವ ಹಿಟ್ಟಿನ ಚೀಲ ತಲೆಯ ಮೇಲಿಟ್ಟುಕೊಂಡು ದಾಟಿ, ಆಚೆ ದಡದಲ್ಲಿ ಇಳಿಸಿ, ಎಂದಿನ ಅಭ್ಯಾಸದಂತೆ ಎದೆ ಮುಟ್ಟಿಕೊಂಡಳು. ಬೆವರಿಗೆ ಕೊಳೆತ ಶಿವದಾರ ನೀರಿನಲ್ಲಿ ಎಲ್ಲೋ ಹರಿದುಹೋಗಿತ್ತು. ಲಿಂಗ ಕಳೆದವರು ಅದು ಸಿಗುವ ತನಕ ಅನ್ನ ಮುಟ್ಟುವ ಹಾಗಿಲ್ಲ, ನೀರು ಕುಡಿಯುವ ಹಾಗಿಲ್ಲ. ಏಳು ವರ್ಷದವಳಿದ್ದಾಗ ಅಂಗೈ ಮೇಲೆ ಇಟ್ಟುಕೊಟ್ಟ ಗುರುಗಳು ಹಾಗೆಂದೇ ಹೇಳಿಕೊಟ್ಟಿದ್ದರು. ಅವಳು ದಡದಲ್ಲಿ ಕೂತುಬಿಟ್ಟಳು.

ಮೊದಲು ಡಾಕ್ಟರಿಗೆ ಸಿಟ್ಟೇ ಬಂತು. ಎರಡು ತಾಸು ಹುಡುಕೋಣ, ಸಿಗದಿದ್ದರೆ ಹೊರಡೋಣ, ಮುಂಬಯಿಯಲ್ಲಿ ಬೇರೆ ಕಟ್ಟಿಸಿಕೊಳ್ಳಿ ಎಂದರು. ದೂಜ ಮುಳುಗಿ ಮುಳುಗಿ ಕಣ್ಣು ಕೆಂಪಗೆ ಮಾಡಿಕೊಂಡ. ಸಿಗಲಿಲ್ಲ. ಮಾರನೆಯ ಬೆಳಿಗ್ಗೆ ಡಾಕ್ಟರು ಲೋಟದಲ್ಲಿ ನೀರು ಹಿಡಿದು ಬಂದು ಅವಳ ಒಣಗಿದ ತುಟಿ ನೋಡಿದರು, ನಾಡಿ ನೋಡಿದರು. “ಕುಡಿಯಿರಿ, ಇದು ಡಾಕ್ಟರ ಆರ್ಡರು,” ಎಂದರು. “ನೀವು ಹೋಗ್ರಿ ಬಾಯಾರ. ಅಲ್ಲೆ ಮಂದಿ ಕಾಯಾಕತ್ತಾರ. ನಾ ಇಲ್ಲೇ ಇರ್ತೀನಿ,” ಎಂದಳು ಚನ್ನವ್ವ. ಇರುತ್ತೇನೆ ಎಂದರೆ ಸಾಯುತ್ತೇನೆ ಎಂದೇ ಅರ್ಥ ಎಂಬುದು ಡಾಕ್ಟರಿಗೆ ತಿಳಿಯಿತು. ಲೋಟ ಕೆಳಗಿಟ್ಟರು. ಚಪ್ಪಲಿ ಬಿಟ್ಟರು. ಸೀರೆ ಎತ್ತಿ ಕಟ್ಟಿ ನೀರಿಗಿಳಿದರು.

“ನೀರಿಗೆ ಬಂದ ಹೆಣ್ಣಮಕ್ಳು ನೋಡಿ ನಕ್ಕರ್ರಿ,” ಎಂದು ಚನ್ನವ್ವ ಮುಂದುವರಿಸಿದಳು. ಅವಳ ದನಿಯ ಅಂಜಿಕೆ ಹೋಗಿತ್ತು. “ಅವರೊಳಗ ಒಬ್ಬಾಕಿ ಹಿರ್ಯಾಕಿ, ನ್ಯಾಮಿಜಿ ಅಂತ ಹೆಸರು. ಏನ್ ಹುಡುಕ್ತೀರಿ ಅಂತ ಕೇಳಿದ್ಲು. ದೂಜ ಅವರ ಮಾತಿನ್ಯಾಗ ಹೇಳಿದಾ. ಈಕಿಗೆ ಸಣ್ಣಾಕಿದ್ದಾಗ ಗುರು ಕೊಟ್ಟಿದ್ದು ಬಿದ್ದೈತಿ, ಸಿಗೂತನಕ ಈಕಿ ನೀರು ಕುಡ್ಯಾಂಗಿಲ್ಲ ಅಂತ. ಆಕಿ ನಗೂದು ಬಿಟ್ಲ್ರಿ. ಕೊಡ ಕೆಳಗಿಟ್ಟು ಒಂದು ಕೂಗು ಹಾಕಿದ್ಲು. ಹೊಲದಾಗಿದ್ದ ಹೆಣ್ಣಮಕ್ಳೆಲ್ಲಾ ಓಡಿ ಬಂದ್ರು. ಬಾಯಾರಿಗೆ ಬೈದ್ಲು, ಕೈಲೆ ಕೆದರಬ್ಯಾಡ, ರಾಡಿ ಆಗ್ತೈತಿ ಅಂತ. ಎಲ್ಲಾರೂ ಕೈ ಕೈ ಹಿಡಕೊಂಡು ಈ ದಂಡಿಯಿಂದ ಆ ದಂಡಿ ತನಕ ಸಾಲಾಗಿ ನಿಂತರ್ರಿ. ಕೆಳಗಿನ ತಿರುವಿನಿಂದ ಸುರು ಮಾಡಿ, ನೀರಿಗೆ ಎದುರಾಗಿ, ಒಂದೊಂದ ಹೆಜ್ಜಿ, ಕಾಲ ಬೆರಳಲೆ ಉಸುಕು ತಡವಕೋಂತ ಬಂದ್ರು.”

“ಕಾಲಿನಿಂದಲೋ?” ಎಂದರು ದಾನಪ್ಪನವರು ಥಟ್ಟನೆ.

“ಹೌದ್ರಿ, ಕಾಲಿಂದ. ಬಳೀನೋ ಮಣೀನೋ ಬಿದ್ರ ಅವ್ರು ಹಂಗ ಹುಡುಕೂದಂತ್ರಿ. ಹೊಳಿ ಯಾವುದನ್ನೂ ಒಯ್ಯೂದಿಲ್ಲ, ಉಸುಕಿನ್ಯಾಗ ಮುಚ್ಚಿಡ್ತೈತಿ ಅಂದ್ಲು ಆಕಿ. ಬಾಯಾರು ಆ ಸಾಲಿನ್ಯಾಗ ನಡುವ ನಿಂತಿದ್ರು. ಹೊಟ್ಟಿ ಹುಣ್ಣಿನ ಜೀವ ರೀ ಅವರದು, ಹೊತ್ತಿಗೆ ಸರಿ ಉಣಬೇಕು. ನಾ ಒಲಿ ಹಚ್ಚಿಲ್ಲ, ಅವ್ರು ಉಂಡಿಲ್ಲ. ಹೊತ್ತು ಮುಳಗೂ ಮುಂದ ನ್ಯಾಮಿಜಿ ಒಮ್ಮೆಲೆ ನಿಂತ್ಲು. ಕಾಲ ಎತ್ತಲಿಲ್ಲ. ಅದ ಕಾಲ ಬುಡಕ್ಕ ಮುಳುಗಿ, ಮುಟಿಗಿ ಮಾಡ್ಕೊಂಡು ಎದ್ಲು. ಬಂದು ನನ್ನ ಅಂಗೈ ಬಿಡಿಸಿ ಅದರಾಗ ಇಟ್ಲು. ನನ್ನ ಗುರುಗಳು ಇಟ್ಟಂಗ ಇಟ್ಲ್ರಿ.”

ಮುಂಬಯಿಗೆ ಬಂದ ಮೇಲೆ ಸಿದ್ದರಾಮಪ್ಪ ಇದನ್ನು ಕೇಳಿ, ಅದು ಮೈಲಿಗೆಯಾಯಿತು, ಸ್ವಾಮಿಗಳನ್ನು ಕರೆಸಿ ಹೊಸದು ಕಟ್ಟಿಸಿಕೋ ಎಂದು ಹಟ ಹಿಡಿದಿದ್ದ. ಅಂಗೈಯಲ್ಲಿ ಇಟ್ಟವರೇ ಗುರು, ನನಗೆ ಈಗ ಇಬ್ಬರು ಗುರುಗಳು ಎಂದು ಅವನ ಬಾಯಿ ಮುಚ್ಚಿಸಿದ್ದಳು. ಆ ಜಗಳವನ್ನು ಇಲ್ಲಿ ಹೇಳಲಿಲ್ಲ. ಮನೆಯ ರಗಳೆ ಮನೆಯಲ್ಲಿರಲಿ ಎಂದುಕೊಂಡಳು.

“ಆ ಹಳ್ಳಿಯಲ್ಲಿ ಯಾರಾದರೂ ದೇವರ ವಾಕ್ಯಕ್ಕೆ ಕಿವಿಗೊಟ್ಟರೋ?” ಎಂದು ಮೇಜಿನ ಕೊನೆಯಿಂದ ಒಬ್ಬರು ಕೇಳಿದರು.

“ಅದು ನನಗ ತಿಳೀದ್ರಿ. ಮುಂಜಾನೆ ಎದ್ದು ನೋಡಿದ್ರ ನಮ್ಮ ಲಾರಿ ಮುಂದ ಕೂಸುಗೋಳನ್ನ ಕರಕೊಂಡು ಹೆಣ್ಣಮಕ್ಳು ಕುಂತಿದ್ರು. ಸೂಜಿ ಅಂದ್ರ ಕೂಸುಗೋಳನ್ನ ಅಡಗಿಸಿಡೂ ಊರಂತ ಅದು, ನಮ್ಮ ಪಟ್ಟ್ಯಾಗೂ ಇರಲಿಲ್ಲ. ಬಾಯಾರು ಎಲ್ಲಾರ್ನೂ ನೋಡಿದ್ರು. ಆಮ್ಯಾಲ ನಿಮ್ಮ ಹಾಡೊಂದು ಹಾಡಿದ್ರು. ಅವ್ರೂ ದನಿಗೂಡಿಸಿದ್ರು. ಅವರಿಗೆ ಏನು ತಿಳೀತೋ, ನನಗ ಏನು ತಿಳೀತೋ, ಆ ಶಿವನ ಬಲ್ಲ.”

ಯಾರೋ ಮುಗುಳ್ನಕ್ಕರು. ಗಾಳಿ ತಮ್ಮ ಕಡೆಗೆ ತಿರುಗುತ್ತಿದೆ ಎಂದು ಚನ್ನವ್ವನಿಗೆ ಅನ್ನಿಸಿತು. ಖುಷಿಯಾಯಿತು. ಡಾಕ್ಟರ ದೊಡ್ಡಸ್ತಿಕೆಯನ್ನು ಇನ್ನೂ ಚೆನ್ನಾಗಿ ತಿಳಿಸಬೇಕೆಂಬ ಆಸೆಯಾಯಿತು. ತನ್ನ ಜನ ಆಕೆಯ ಬಗ್ಗೆ ಏನು ಕೇಳಿದರೂ ತಾನು ಹೆಮ್ಮೆಯಿಂದ ಹೇಳುತ್ತಿದ್ದ ಮಾತನ್ನೇ ಇಲ್ಲಿಯೂ ಹೇಳಿದಳು.

“ಬಾಯಾರಂಥಾ ಮನಷ್ಯಾರನ್ನ ನಾ ಕಂಡಿಲ್ರಿ. ಎಂಟು ತಿಂಗಳು ಅವರ ಮಗ್ಗಲದಾಗ ಮಲಗೇನಿ. ಒಂದ ದಿನಾನೂ ನನಗ ನಿಮ್ಮ ದೇವ್ರ ಹೆಸರು ಹೇಳಿ ‘ಈ ಕಡೆ ಬಾ’ ಅನ್ಲಿಲ್ರಿ.”

ಮೇಜಿನ ಸುತ್ತ ತಲೆಗಳೆಲ್ಲ ಡಾಕ್ಟರ ಕಡೆ ತಿರುಗಿದವು.

“ಎಂಟು ತಿಂಗಳಲ್ಲಿ ಒಂದು ಸಲವೂ?” ಎಂದರು ಶೀಲಾವತಿಬಾಯಿ.

“ಒಂದ ಸಲಾನೂ ಇಲ್ರಿ!” ಎಂದಳು ಚನ್ನವ್ವ, ಮುಖ ಅರಳಿಸಿಕೊಂಡು.

ಶೀಲಾವತಿಬಾಯಿ ಕಾಗದದ ಮೇಲೆ ಅದನ್ನು ಬರೆದುಕೊಂಡರು. ಪೆನ್ನು ಓಡುವುದನ್ನು ನೋಡಿ ಚನ್ನವ್ವ ಮೂಲೆಯತ್ತ ತಿರುಗಿದಳು. ಡಾಕ್ಟರು ನೆಲ ನೋಡುತ್ತಿದ್ದರು. ಆಗ ಅವಳಿಗೆ ತಾನು ಏನು ಮಾಡಿಬಿಟ್ಟೆ ಎಂಬುದು ಹೊಳೆಯಿತು. ಇವರು ಆಕೆಯನ್ನು ಕಳಿಸಿದ್ದೇ ‘ಬಾ’ ಎನ್ನಲು. ತನ್ನ ಖಾನಾವಳಿಯಲ್ಲಿ ಅದು ಹೊಗಳಿಕೆ, ಈ ಮೇಜಿನ ಮುಂದೆ ಅದೇ ಅಪರಾಧ. ಹಾಲಿನ ಗಡಿಗೆಗೆ ತನ್ನ ಕೈಯಾರೆ ಹುಳಿ ಹಿಂಡಿದ್ದಳು.

“ಅಕ್ಕಾರ, ಅದನ್ನ ಬರೀಬ್ಯಾಡ್ರಿ,” ಎಂದಳು.

“ನೀವು ಹೇಳಿದ್ದನ್ನೇ ಬರೆದೆ.”

“ಹೇಳಿದ್ದು ಖರೇನ ಐತ್ರಿ. ಹಂಗಾದ್ರ ಇದನ್ನೂ ಬರಕೊಳ್ರಿ.” ಅವಳು ಎದ್ದು ನಿಂತಳು. ಸೆರಗು ತಲೆಯಿಂದ ಜಾರಿದ್ದನ್ನೂ ಲೆಕ್ಕಿಸಲಿಲ್ಲ. “ಅಲ್ಲೆ ನಮ್ಮ ಮಂದಿ ಇದ್ದಿದ್ರ ಏನಂತಿದ್ರು? ಸ್ವಾಮಿಗೋಳನ್ನ ಕರೀರಿ, ಹೊಸಾದು ಕಟ್ಟಸ್ರಿ, ದೇವ್ರಿಚ್ಛಾ ಅಂತಿದ್ರು. ದಂಡಿ ಮ್ಯಾಲ ನಿಂತು ಬುದ್ಧಿ ಹೇಳ್ತಿದ್ರು. ಒಬ್ಬರೂ ಹೊಳ್ಯಾಗ ಇಳೀತಿದ್ದಿಲ್ಲ. ಅದು ತಮ್ಮ ದೇವ್ರಲ್ಲ ಅಂತ ಬಾಯಾರಿಗೆ ಗೊತ್ತಿತ್ತು. ಗೊತ್ತಿದ್ದೂ ಇಳಿದ್ರು. ಇಂಥಾರನ್ನ ಕಳಸೂದಿಲ್ಲ ಅಂದ್ರ ನೀವು ಇನ್ನ ಯಾರನ್ನ ಕಳಸ್ತೀರಿ?”

ಹೇಳಿ ಮುಗಿಸಿದವಳಿಗೆ ಕುರ್ಚಿ ಎಲ್ಲಿದೆ ಎಂದೂ ಕಾಣಲಿಲ್ಲ. ಪ್ಯೂನ್ ಬಂದು ತೋಳು ಹಿಡಿದು ಹೊರಗೆ ಕರೆತಂದ. ಡಾಕ್ಟರನ್ನೂ ಹೊರಗೆ ಕಳಿಸಿ ಬಾಗಿಲು ಮುಚ್ಚಿದರು.

“ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ,” ಎಂದ ದೂಜ. “ಬೆಳ್ಳಿ ಡಬ್ಬಿ ಅಂದಿದ್ದರೆ ಇಷ್ಟೊತ್ತಿಗೆ ಚಾ ಕುಡಿದು ಮನೆಗೆ ಹೋಗಬಹುದಿತ್ತು.”

ಚನ್ನವ್ವ ಬೆಂಚಿನ ಮೇಲೆ ಕೂತು ಮುಖ ಮುಚ್ಚಿಕೊಂಡು ಅತ್ತಳು. ಡಾಕ್ಟರು ಪಕ್ಕದಲ್ಲಿ ಕೂತರು. ಸಮಾಧಾನದ ಮಾತಾಡುವ ಸ್ವಭಾವ ಅವರದಲ್ಲ. “ನಿಮ್ಮನ್ನು ನಮ್ಮ ದೇವರ ಕಡೆ ಕರೆಯಲಿಲ್ಲವಲ್ಲ ಅಂತ ನನಗೂ ಒಮ್ಮೊಮ್ಮೆ ಅನ್ನಿಸುತ್ತದೆ ಚನ್ನವ್ವ. ಕರೆಯಬೇಕಿತ್ತೋ ಏನೋ. ನಿಮ್ಮನ್ನು ನೋಡಿದಾಗ ಬಾಯಿ ಬರುತ್ತಿರಲಿಲ್ಲ,” ಎಂದರು.

ಒಳಗೆ ದನಿಗಳು ಏರಿದವು, ಇಳಿದವು. ಐದು ಗಂಟೆಯಾಯಿತು, ಐದೂವರೆಯಾಯಿತು. ಕೆಳಗೆ ಶಾಲೆಯ ಜವಾನ ಗೇಟು ಎಳೆದ. ಕೊನೆಗೆ ಬಾಗಿಲು ತೆರೆದು ಶೀಲಾವತಿಬಾಯಿಯೇ ಬಂದರು.

“ಮೂರು ಜನ ಬೇಡವೆಂದೆವು. ಮೂರು ಜನ ಬೇಕೆಂದರು. ನಾನು ಬೇಡವೆಂದವಳೇ, ಮುಚ್ಚಿಡುವುದಿಲ್ಲ. ಅಧ್ಯಕ್ಷರು ನಿಮ್ಮ ಕಡೆ ಓ‍ಟು ಹಾಕಿದರು. ಹೊರಡುವ ತಯಾರಿ ಮಾಡಿಕೊಳ್ಳಿ ಡಾಕ್ಟರ್.” ಒಂದು ಕ್ಷಣ ತಡೆದು ಚನ್ನವ್ವನ ಕಡೆ ನೋಡಿದರು. “ಆದರೆ ಒಂದು ಷರತ್ತು. ಇನ್ನು ಮುಂದೆ ಲಾರಿಯಲ್ಲಿ ಹೋಗುವವರೆಲ್ಲ ನಮ್ಮ ಕ್ರೈಸ್ತ ಸಭೆಯವರೇ ಆಗಿರಬೇಕು.”

“ಹಾಗಾದರೆ ನಾನು...” ಎಂದು ಡಾಕ್ಟರು ಎದ್ದರು.

ಚನ್ನವ್ವ ಅವರ ಮಣಿಕಟ್ಟು ಹಿಡಿದು ಕೂರಿಸಿದಳು. ಅವಳಿಗೂ ಹೋಗುವ ಆಸೆ ಇತ್ತು. ಆ ಜೋಳದ ಹೊಲ, ಆ ಒರಳಿನ ಸದ್ದು, ನ್ಯಾಮಿಜಿಯ ಒರಟು ಕೈ ದಿನಾ ನೆನಪಾಗುತ್ತಿದ್ದವು. ಆಸೆಯನ್ನು ನುಂಗಿಕೊಳ್ಳಲು ಅವಳಿಗೆ ಒಂದು ನಿಮಿಷ ಬೇಕಾಯಿತು.

“ನೀವು ಹೋಗ್ರಿ ಬಾಯಾರ. ಈ ಸಲ ಅಂದ್ರೂ ನಾ ಹೋಗ್ರಿ ಅಂದ್ರ ಹೋಗ್ರಿ. ಈ ದೂಜಗ ರೊಟ್ಟಿ ಬಡ್ಯಾಕ ನಾ ಕಲಿಸ್ತೀನಿ. ಎರಡು ತಿಂಗಳೈತಿ.”

“ಅಯ್ಯೋ, ನಾನು ಮೀನು ಹುರಿಯುವವ ಮಾರಾಯ್ರೆ!”

“ಸ್ಟೇರಿಂಗ್ ತಿರುವೂ ಕೈಗೆ ರೊಟ್ಟಿ ತಿರುವೂದು ಏನ್ ದೊಡ್ಡದು? ನಾಳೆ ಮಧ್ಯಾಹ್ನ ಬಾ. ಮೈ ತೊಳಕೊಂಡು ಬಾ.”

ಡಾಕ್ಟರು ನಗಲು ನೋಡಿದರು, ಆಗಲಿಲ್ಲ. ಚನ್ನವ್ವನ ಹಿಟ್ಟು ಮೆತ್ತಿದ ಬೆರಳುಗಳನ್ನು ಎರಡೂ ಕೈಯಿಂದ ಹಿಡಿದುಕೊಂಡು ಸ್ವಲ್ಪ ಹೊತ್ತು ಕೂತಿದ್ದು, ಪಾಸ್‌ಪೋರ್ಟಿನ ಕಾಗದಕ್ಕೆ ಸಹಿ ಮಾಡಲು ಒಳಗೆ ಹೋದರು. ದೂಜ ಟ್ಯಾಕ್ಸಿ ನೋಡಲು ಕೆಳಗಿಳಿದ. ಕಮಿಟಿಯವರು ಒಬ್ಬೊಬ್ಬರಾಗಿ ಹೊರಟುಹೋದರು.

ಕೊನೆಗೆ ದಾನಪ್ಪನವರು ಬಂದರು. ಕೋಲಿಲ್ಲ, ಕೈಯಲ್ಲಿ ಟೊಪ್ಪಿಗೆ. ಚನ್ನವ್ವ ಎದ್ದು ನಿಂತಳು. ಅವರು ಅವಳನ್ನು ದಾಟಿ ಮೆಟ್ಟಿಲ ತನಕ ಹೋಗಿ, ಅಲ್ಲಿಂದ ಹಿಂತಿರುಗಿ ಬಂದರು.

“ಕೂಡ್ರು ತಂಗಿ,” ಎಂದರು. ವೇದಪುಸ್ತಕದ ಕನ್ನಡ ಎಲ್ಲಿ ಹೋಗಿತ್ತೋ. “ನಮ್ಮ ಊರು ಮಲಪ್ರಭಾ ದಂಡಿ ಮ್ಯಾಲಿಂದು. ನಮ್ಮಜ್ಜ ಕಿರಸ್ತಾನ ಆದ ದಿನಾ ತನ್ನ ಕೊಳ್ಳಾಗಿನ ಲಿಂಗ ಬಿಚ್ಚಿದಾ. ಅಜ್ಜಿ ಕೊಳ್ಳಾಗಿಂದೂ ತಾನ ಬಿಚ್ಚಿದಾ. ಎರಡೂ ಕೂಡಿ ಹೊಳ್ಯಾಗ ಒಗದಾ. ಇದನ್ನ ನಾ ಚರ್ಚಿನ ಗುಡಿಯೊಳಗ ನಿಂತು ಎಷ್ಟು ಸಲ ಸಾಕ್ಷಿ ಅಂತ ಹೇಳೇನೋ ಲೆಕ್ಕಿಲ್ಲ. ಮಂದಿ ಆಮೆನ್ ಅಂತಿದ್ರು.”

ಚನ್ನವ್ವನ ಕೈ ಎದೆಯ ಮೇಲಿನ ಕರಡಿಗೆಗೆ ಹೋಯಿತು.

“ಅಜ್ಜಿ ಏನೂ ಅನ್ಲಿಲ್ಲಂತ. ಆಕಿ ಭಕ್ತಿ ಸುಳ್ಳಲ್ಲ ಮತ್ತ. ಗುಡ್ಯಾಗ ಎಲ್ಲಾರಕಿಂತ ಜೋರು ಹಾಡೂಕಿ. ಆದ್ರ ಅರಿವಿ ಒಗ್ಯಾಕ ಹೊಳಿಗೆ ಹೋದ್ರ, ಒಗದು ಮುಗದ ಮ್ಯಾಲೂ ಮ್ಯಾಲ ಬರ್ತಿದ್ದಿಲ್ಲ. ಮೊಣಕಾಲ ಮಟಾ ನೀರಾಗ ನಿಂತು ಕಾಲಲೆ ಉಸುಕು ತಡವೂಕಿ. ಇಲ್ಲಿಷ್ಟು, ಅಲ್ಲಿಷ್ಟು. ನಾವು ಸಣ್ಣವ್ರು ದಂಡಿ ಮ್ಯಾಲ ಕುಂತು, ಅಜ್ಜಿ ಕುಣ್ಯಾಕತ್ಯಾಳ, ಅಜ್ಜಿ ಕುಣ್ಯಾಕತ್ಯಾಳ ಅಂತ ಚಪ್ಪಾಳಿ ಬಡೀತಿದ್ವಿ. ಸಾಯೂತನಕ ಬಿಡಲಿಲ್ಲ ಆಕಿ.” ಅವರು ಟೊಪ್ಪಿಗೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದರು. “ಏನ್ ಮಾಡ್ತಿದ್ಲು ಅಂತ ನನಗ ಇವತ್ತ ತಿಳೀತು. ನೀ ಹೇಳಿದ ಮ್ಯಾಲ.”

ಲೋಕಲ್ ಒಂದು ವಡಾಲ ಸ್ಟೇಷನ್ನಿಗೆ ಬಂದು ನಿಂತು ಹೋಯಿತು. ಅದರ ಸದ್ದು ಇಳಿದ ಮೇಲೆ ದಾನಪ್ಪನವರು ಕೇಳಿದರು.

“ಎಷ್ಟು ಮಂದಿ ಇಳಿದಿದ್ರು, ಅಲ್ಲೆ?”

“ಇಪ್ಪತ್ಮೂರು ಮಂದಿ ರೀ. ಬಾಯಾರು ಹಿಡದು ಇಪ್ಪತ್ನಾಲ್ಕು.”

“ಇಪ್ಪತ್ನಾಲ್ಕು,” ಎಂದರು ದಾನಪ್ಪನವರು. ಟೊಪ್ಪಿಗೆ ಹಾಕಿಕೊಂಡು ಮೆಟ್ಟಿಲ ಕಡೆ ನಡೆದರು.

ಮೆಟ್ಟಿಲ ತಿರುವಿನಲ್ಲಿ ಆಗಲೇ ಕತ್ತಲಾಗಿತ್ತು. ದೀಪ ಇರಲಿಲ್ಲ. ಮುದುಕರು ಗೋಡೆಗೆ ಕೈಕೊಟ್ಟು, ಬೂಟಿನ ತುದಿಯಿಂದ ಮುಂದಿನ ಮೆಟ್ಟಿಲನ್ನು ಇಲ್ಲಿಷ್ಟು ಅಲ್ಲಿಷ್ಟು ತಡವಿ ನೋಡುತ್ತ ನಿಂತುಬಿಟ್ಟರು. ಚನ್ನವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ, ಅವರನ್ನು ದಾಟಿ ಎರಡು ಮೆಟ್ಟಿಲು ಕೆಳಗೆ ಇಳಿದು, ತಿರುಗಿ ನಿಂತು, ಕೈ ಚಾಚಿದಳು.